ಮತನಿಶ್ಚಯದ ಮೂಲ

(ಶ್ರೀಮಠದ ಮಹೋತ್ಸವ ಸಭೆಯ ಉಪನ್ಯಾಸ)



ಲೋಕದಲ್ಲಿ ಮತಗಳು ಹಲವು. ಜಗತ್ತಿಗೆ ಕರ್ತನೊಬ್ಬನುಂಟೆಂದು ಒಂದು ಮತವು ಸಾರುವುದು. ಜೈನರೂ ಬೌದ್ಧರೂ ಅಂತಹ ಕರ್ತನನ್ನು ಒಪ್ಪರು. ಜೀವನು ಮರಳಿ ಮರಳಿ ಹುಟ್ಟುವನೆಂದು ಒಂದೆಡೆ ಬೋಧೆಯಾಗುತ್ತಿದ್ದರೆ, ಜನ್ಮವು ಒಂದೇ, ಅದರ ಬಳಿಕ ತೀರ್ಪಿನ ದಿನವೇ ಎಂದು ಮತ್ತೊಂದೆಡೆ ಬೋಧೆಯಾಗುತ್ತಿರುವುದು. ಈ ಮಾತುಗಳೆಲ್ಲವೂ ಒಂದೇ ಅರ್ಥದಲ್ಲಿ ಒಟ್ಟಿಗೆ ನಿಜವಾಗಿರಲಾರವು. ಆದರೆ ಅವನ್ನು ನಂಬಿದವರ ಮುಖಗಳನ್ನು ನೋಡಿದರೆ, ಅಲ್ಲಿ ತೋರುವ ನಿಶ್ಚಯವು ಮಾತ್ರ ಒಂದೇ ಬಗೆಯದು. ಮಸೀದಿಯಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸುವವನ ನಿಶ್ಚಯವೂ ಬಸದಿಯಲ್ಲಿ ಕೈಮುಗಿದು ನಿಂತವಳ ನಿಶ್ಚಯವೂ ತಕ್ಕಡಿಯಲ್ಲಿಟ್ಟರೆ ಸರಿತೂಗುವುವು. ಹಾಗಾದರೆ ಈ ನಿಶ್ಚಯವೆಂಬುದು ಎಲ್ಲಿಂದ ಬರುವುದು? ಅದು ಸತ್ಯದಿಂದಲೇ ಹುಟ್ಟುವುದಾದರೆ, ಒಂದಕ್ಕೊಂದು ವಿರುದ್ಧವಾದ ಮಾತುಗಳಿಗೆಲ್ಲ ಅದು ಸಮನಾಗಿ ಅಂಟಿಕೊಂಡುದು ಹೇಗೆ?

ಇದು ಪಂಡಿತರ ಕಾಲಕ್ಷೇಪದ ಪ್ರಶ್ನೆಯಲ್ಲ. ಪಟ್ಟಣಕ್ಕೆ ಓದಲು ಹೋದ ಮಗನು ರಜೆಗೆ ಮನೆಗೆ ಬಂದಾಗ, ಪೂಜೆ ಮುಗಿಸಿ ಎದ್ದ ತಂದೆಯನ್ನು ಕೇಳುವನು: “ಅಪ್ಪಾ, ನೀವು ಈ ಮನೆಯಲ್ಲಿ ಹುಟ್ಟಿದಿರಿ, ಆದುದರಿಂದ ಇದನ್ನು ನಂಬಿದಿರಿ. ಬೇರೊಂದು ಮನೆಯಲ್ಲಿ ಹುಟ್ಟಿದ್ದರೆ ಬೇರೊಂದನ್ನು ಇಷ್ಟೇ ಗಟ್ಟಿಯಾಗಿ ನಂಬುತ್ತಿದ್ದಿರಲ್ಲವೇ?” ತಂದೆಗೆ ಸಿಟ್ಟು ಬರುವುದು, ಇಲ್ಲವೇ ಆತನು ಮಾತನಾಡದೆ ವಿಭೂತಿಯ ಗಟ್ಟಿಯನ್ನು ಎತ್ತಿಡುವನು. ಎರಡೂ ಉತ್ತರವಲ್ಲ. ಮಗನ ಪ್ರಶ್ನೆಯು ಕಠಿನವಾದುದು. ಲಿಂಗವಂತರ ಮನೆಯಲ್ಲಂತೂ ಇನ್ನಷ್ಟು ಕಠಿನ. ಏಕೆಂದರೆ ಶಿಶುವು ತಾಯಿಯ ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಲ್ಲಿ, ಅದಕ್ಕೆ ಲಿಂಗಧಾರಣ ಸಂಸ್ಕಾರವನ್ನು ಮಾಡುವ ರೂಢಿಯು ಇವರಲ್ಲಿ ಉಂಟು. ಕಣ್ಣು ತೆರೆಯುವುದಕ್ಕೆ ಮೊದಲೇ ದೊರೆತುದನ್ನು ವಿಚಾರಿಸಿ ಒಪ್ಪಿಕೊಂಡುದೆಂದು ಹೇಳಬಲ್ಲವರು ಯಾರು?

ಈ ಪ್ರಶ್ನೆಯನ್ನು ಪರರಿಗೆ ಹಾಕುವವರು ಬಹುಮಂದಿ. ತನಗೆ ತಾನೇ ಹಾಕಿಕೊಂಡು ಬೆಂದವರು ವಿರಳ. ಅಂತಹ ವಿರಳರಲ್ಲೊಬ್ಬನು ಪಾರಸೀಕ ನಾಡಿನ ತೂಸ್ ನಗರದಲ್ಲಿ 1058ರಲ್ಲಿ ಹುಟ್ಟಿದ ಅಬೂ ಹಾಮಿದ್ ಅಲ್ ಗಜಾಲಿ. ಕಲ್ಯಾಣದ ಶರಣರಿಗಿಂತ ಸ್ವಲ್ಪ ಮುಂಚಿನವನು. ಇಸ್ಲಾಂ ಧರ್ಮಶಾಸ್ತ್ರದಲ್ಲಿಯೂ ತರ್ಕದಲ್ಲಿಯೂ ಆತನಿಗೆ ಸಮಾನರಿಲ್ಲವೆಂಬಷ್ಟು ಕೀರ್ತಿ ಬಂದು, 1091ರಲ್ಲಿ ಬಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಅಧ್ಯಾಪಕ ಪದವಿಯು ಆತನಿಗೆ ದೊರಕಿತು. ಮುನ್ನೂರು ಮಂದಿ ಶಿಷ್ಯರು ಆತನ ಮುಂದೆ ಕುಳಿತು ಪಾಠ ಕೇಳುತ್ತಿದ್ದರು. ಇಂತಹ ಪುರುಷನು ಮುಂದೆ ತನ್ನ ಜೀವನದ ಕಥೆಯನ್ನು ಬರೆದಿಟ್ಟನು. ಅದರಲ್ಲಿ ಆತನು ಮೊದಲಿಗೆ ಹೇಳುವ ಮಾತು ಆ ಮಗನ ಮಾತೇ ಆಗಿದೆ: ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೂ, ಯಹೂದ್ಯರ ಮಕ್ಕಳು ಯಹೂದ್ಯರಾಗಿಯೂ, ಮುಸಲ್ಮಾನರ ಮಕ್ಕಳು ಮುಸಲ್ಮಾನರಾಗಿಯೂ ಬೆಳೆಯುವುದನ್ನು ಆತನು ಎಳೆಯ ವಯಸ್ಸಿನಲ್ಲಿಯೇ ಕಂಡನು. ತಂದೆತಾಯಿಗಳಿಂದಲೂ ಗುರುಗಳಿಂದಲೂ ವಿಚಾರವಿಲ್ಲದೆ ಪಡೆದುಕೊಂಡ ನಂಬುಗೆಗೆ ಅರಬ್ಬಿಯಲ್ಲಿ ‘ತಕ್ಲೀದ್’ ಎಂದು ಹೆಸರು. ಈ ತಕ್ಲೀದಿನ ಕಟ್ಟು ತನ್ನಲ್ಲಿ ಅಂದೇ ಸಡಿಲವಾಯಿತೆಂದು ಆತನು ಹೇಳುವನು.

ಅನಂತರ ನಡೆದುದು ಹೆಚ್ಚು ಗಮನಾರ್ಹವಾದುದು. ಹತ್ತು ಮೂರಕ್ಕಿಂತ ಹೆಚ್ಚೆಂಬ ಮಾತಿನಷ್ಟು ಅಲುಗಾಡದ ಜ್ಞಾನವು ತನಗೆ ಬೇಕೆಂದು ಆತನು ಹೊರಟನು. ಮೊದಲು ಇಂದ್ರಿಯಗಳನ್ನು ಪರೀಕ್ಷಿಸಿದನು. ನೆರಳು ನಿಂತಲ್ಲೇ ನಿಂತಿದೆಯೆಂದು ಕಣ್ಣು ಹೇಳುವುದು. ಒಂದು ಗಳಿಗೆ ಕಳೆದು ನೋಡಿದರೆ ಅದು ಸರಿದಿರುವುದು. ನಕ್ಷತ್ರವು ನಾಣ್ಯದಷ್ಟು ಕಾಣುವುದು. ಗಣಿತವು ಅದು ಭೂಮಿಗಿಂತ ದೊಡ್ಡದೆಂದು ತೋರಿಸಿಕೊಡುವುದು. ಹಾಗಾದರೆ ಬುದ್ಧಿಯನ್ನು ನಂಬೋಣವೆಂದರೆ, ಇಂದ್ರಿಯಗಳೇ ಆತನನ್ನು ಎದುರು ಕೇಳಿದಂತಾಯಿತು: ಬುದ್ಧಿಯೆಂಬ ನ್ಯಾಯಾಧೀಶನು ಬಂದು ಇಂದ್ರಿಯಗಳ ಸಾಕ್ಷಿಯನ್ನು ತಳ್ಳಿಹಾಕಿದನು, ಬುದ್ಧಿಗೂ ಮೇಲೆ ಮತ್ತೊಬ್ಬ ನ್ಯಾಯಾಧೀಶನಿದ್ದು, ಅವನು ಬಂದರೆ ಬುದ್ಧಿಯ ಮಾತೂ ಬೀಳುವುದೋ ಏನೋ! ಕನಸಿನಲ್ಲಿ ಕಂಡುದೆಲ್ಲ ಕನಸು ಮುಗಿಯುವವರೆಗೆ ನಿಜವೇ ಅಲ್ಲವೇ? ಈ ಸಂಶಯರೋಗವು ಸುಮಾರು ಎರಡು ತಿಂಗಳು ಆತನನ್ನು ಹಿಡಿದಿತ್ತು. ಅದು ವಾಸಿಯಾದುದು ಯಾವುದೇ ತರ್ಕದಿಂದಲ್ಲ, ದೇವರು ಎದೆಯೊಳಗೆ ಹಾಕಿದ ಒಂದು ಬೆಳಕಿನಿಂದ ಎಂದು ಆ ಮಹಾತಾರ್ಕಿಕನೇ ಬರೆದಿರುವನು.

ಎರಡನೆಯ ಪೆಟ್ಟು 1095ರಲ್ಲಿ ಬಿದ್ದಿತು. ಈ ಸಲ ಪ್ರಶ್ನೆಯು ಮತದ ಮೇಲಲ್ಲ, ತನ್ನ ಮೇಲೆಯೇ. ತಾನು ಪಾಠ ಹೇಳುತ್ತಿರುವುದು ದೇವರಿಗಾಗಿಯೋ ಕೀರ್ತಿಗಾಗಿಯೋ ಎಂದು ಆತನು ಕೇಳಿಕೊಂಡನು. ಉತ್ತರವು ಆತನಿಗೆ ಇಷ್ಟವಾದುದಾಗಿರಲಿಲ್ಲ. ಆರು ತಿಂಗಳು ಹೋಗುವುದೋ ಉಳಿಯುವುದೋ ಎಂಬ ತುಯ್ದಾಟ. ಕಡೆಗೆ ನಾಲಗೆಯು ಕಟ್ಟಿಹೋಗಿ ಪಾಠದ ಒಂದು ಮಾತೂ ಹೊರಡದಾಯಿತು. ಅನ್ನವು ಗಂಟಲಲ್ಲಿ ಇಳಿಯದಾಯಿತು. ವೈದ್ಯರು ಇದು ಮನಸ್ಸಿನ ರೋಗವೆಂದು ಕೈಬಿಟ್ಟರು. ಆತನು ಪದವಿಯನ್ನು ಬಿಟ್ಟು, ದಮಾಸ್ಕಸ್ ಜೆರೂಸಲೇಮ್ ಮಕ್ಕಾ ಮೊದಲಾದ ಕಡೆಗಳಲ್ಲಿ ಸಂಚರಿಸಿ, ಸೂಫಿಗಳ ಸಾಧನೆಯನ್ನು ಕೈಕೊಂಡು, 1106ರಲ್ಲಿ ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತನು. 1111ರಲ್ಲಿ ಹುಟ್ಟಿದೂರಿನಲ್ಲಿಯೇ ತೀರಿಕೊಂಡನು.

“ಇಷ್ಟೆಲ್ಲ ಅಲೆದು ಕಡೆಗೆ ಹೊರಟಲ್ಲಿಗೇ ಬಂದನಲ್ಲ, ಇದೇನು ಪರೀಕ್ಷೆ?” ಎಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಹುರುಳಿದೆ. ತಾಯಿಯ ಹಾಲಿನೊಡನೆ ಬಂದ ನಂಬುಗೆಯು ಬಲವಾದುದು. ಅದರಿಂದ ದೂರ ಹೋದೆನೆಂದು ಎಣಿಸಿದವನು ಸುತ್ತಿ ಅದರ ಬಾಗಿಲಿಗೇ ಬರುವುದುಂಟು. ಬೆಂದು ಬಂದವನು ಎಲ್ಲರ ವಿಷಯದಲ್ಲಿಯೂ ಮೃದುವಾದನೆಂದೂ ಹೇಳಲಾಗದು. ಗ್ರೀಕರ ಮಾರ್ಗವನ್ನು ಹಿಡಿದ ತತ್ತ್ವಜ್ಞರು ಮೂರು ವಿಷಯಗಳಲ್ಲಿ ಧರ್ಮಭ್ರಷ್ಟರೆಂದು ಕಠಿನವಾಗಿ ತೀರ್ಮಾನಿಸಿದವನೂ ಇದೇ ಗಜಾಲಿಯೇ. ಆದರೂ ಬಗ್ದಾದಿನ ಪೀಠದಲ್ಲಿ ಕುಳಿತವನಿಗೂ ನಿಶಾಪುರದ ಪೀಠದಲ್ಲಿ ಕುಳಿತವನಿಗೂ ಭೇದವುಂಟು. ಮೊದಲಿನವನು ತನ್ನ ನಂಬುಗೆಯು ಎಲ್ಲಿಂದ ಬಂದಿತೆಂಬುದನ್ನು ಅರಿಯನು. ಎರಡನೆಯವನು ಅರಿತು ಹೇಳಬಲ್ಲನು.

ಇಲ್ಲಿ ಮಗನ ಪ್ರಶ್ನೆಗೆ ಅರ್ಧ ಉತ್ತರವು ದೊರೆಯುವುದು. ತಂದೆಯ ನಂಬುಗೆಯು ಹುಟ್ಟಿನಿಂದ ಬಂದಿತೆಂಬುದು ನಿಜ. ಆದರೆ ಹುಟ್ಟಿನಿಂದ ಬಂದುದು ಆ ಮಾತ್ರಕ್ಕೇ ಸುಳ್ಳಾಗುವುದಿಲ್ಲ. ಏಳೆಂಟಲಿ ಐವತ್ತಾರು ಎಂಬುದನ್ನೂ ಮಗನು ಬೆತ್ತದ ಭಯದಿಂದ, ವಿಚಾರವಿಲ್ಲದೆ, ಎಲ್ಲರೊಡನೆ ರಾಗವೆಳೆದು ಕಲಿತವನೇ. ಕಲಿತ ರೀತಿಯಿಂದ ಮಗ್ಗಿಯು ತಪ್ಪಾಗಲಿಲ್ಲ. ಕಲಿತ ರೀತಿಯಿಂದ ಅದು ಸರಿಯೂ ಆಗಲಿಲ್ಲ. ಕಾಳುಗಳನ್ನು ಎಂಟೆಂಟರಂತೆ ಏಳು ಸಾಲು ಜೋಡಿಸಿ ಎಣಿಸಿದಾಗ ಅದರ ಸರಿತನವು ಬೇರೆಯಾಗಿ ತಿಳಿಯಿತು. ಮಗನು ತಂದೆಯ ನಿಶ್ಚಯದ ಹುಟ್ಟನ್ನು ತೋರಿಸಿದನೇ ಹೊರತು ಅದರ ಸುಳ್ಳನ್ನು ತೋರಿಸಲಿಲ್ಲ. ಅಷ್ಟೇ ಅಲ್ಲ, ಮಗನ ಸಂಶಯಕ್ಕೂ ಒಂದು ಹುಟ್ಟುಂಟು. ಅದೂ ಪಟ್ಟಣದ ಸಹವಾಸದಲ್ಲಿ, ಮೆಚ್ಚಿದ ಗೆಳೆಯರ ನಡುವೆ ಬಂದುದು.

ಆದರೆ ಮತದ ವಿಷಯದಲ್ಲಿ ಎಣಿಸಿ ನೋಡುವ ಕಾಳು ಯಾವುದು? ಇದೇ ದೊಡ್ಡ ತೊಡಕು. ಭಾರತದ ಶಾಸ್ತ್ರಕಾರರು ಇದನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿರುವರು. ಜ್ಞಾನವು ಹುಟ್ಟುವಾಗಲೇ ‘ಇದು ನಿಜ’ ಎಂಬ ಮುದ್ರೆಯೊಡನೆ ಹುಟ್ಟುವುದೆಂದೂ, ಮುಂದೆ ಬಾಧಕ ಜ್ಞಾನವೋ ಕರಣದೋಷವೋ ತೋರಿದಾಗ ಮಾತ್ರ ಆ ಮುದ್ರೆಯು ಅಳಿಸುವುದೆಂದೂ ಮೀಮಾಂಸಕನಾದ ಕುಮಾರಿಲಭಟ್ಟನು ಸಾಧಿಸಿದನು. ಇದು ಸ್ವತಃಪ್ರಾಮಾಣ್ಯವಾದ. ನೈಯಾಯಿಕರು ಇದನ್ನು ಒಪ್ಪಲಿಲ್ಲ. ದೂರದಲ್ಲಿ ನೀರು ಕಂಡಿತು. ಅದು ನೀರೋ ಬಿಸಿಲ್ಗುದುರೆಯೋ ಎಂಬುದು ಹತ್ತಿರ ಹೋಗಿ ಕುಡಿದಾಗ ತಿಳಿಯಬೇಕು. ಜ್ಞಾನದ ಪ್ರಾಮಾಣ್ಯವು ಫಲದಿಂದ, ಹೊರಗಿನಿಂದ ಗೊತ್ತಾಗುವುದೆಂಬುದು ಅವರ ಪಕ್ಷ. ಮನುಷ್ಯನ ಮನಸ್ಸು ಹೇಗೆ ನಡೆಯುವುದೆಂಬುದರಲ್ಲಿ ಕುಮಾರಿಲನ ಮಾತೇ ಹೆಚ್ಚು ಸರಿಯೆಂದು ತೋರುವುದು. ನಂಬುವುದು ಮೊದಲು, ಸಂಶಯವು ಆಮೇಲೆ. ಕಂಡುದನ್ನೆಲ್ಲ ಮೊದಲು ಸಂಶಯಿಸುತ್ತ ನಿಂತವನು ಹೊಸಿಲನ್ನೂ ದಾಟಲಾರನು. ಆದರೆ ಪ್ರತಿವಾದಿಗಳು ಸುಮ್ಮನಿರಲಿಲ್ಲ. ಬಾಧಕವು ಕಾಣದ ಮಾತೆಲ್ಲ ಪ್ರಮಾಣವೆನ್ನುವುದಾದರೆ, ಸ್ವರ್ಗದ ವಿಷಯದಲ್ಲಿ ಯಾರು ಏನು ಹೇಳಿದರೂ ಬಾಧಕವು ಕಾಣದಲ್ಲ! ಸತ್ತು ಹೋಗಿ ನೋಡಿ ಬಂದು ಅಲ್ಲಗಳೆಯುವವರು ಯಾರು? ಒಂದು ಮತಕ್ಕೆ ತೆರೆದ ಬಾಗಿಲು ಎಲ್ಲ ಮತಕ್ಕೂ ತೆರೆದಂತಾಯಿತು.

ಕಾಶ್ಮೀರದ ಜಯಂತಭಟ್ಟನೆಂಬ ನೈಯಾಯಿಕನು ಒಂಬತ್ತನೆಯ ಶತಮಾನದ ಕೊನೆಗೆ ಈ ಬಾಗಿಲಿಗೆ ಒಂದು ಅಗುಳಿ ಹಾಕಲೆತ್ತಿಸಿದನು. ಎಲ್ಲ ಆಗಮಗಳೂ ಪ್ರಮಾಣವಾಗಬಹುದೆಂಬ ಉದಾರ ಪಕ್ಷವನ್ನು ಆತನ ‘ನ್ಯಾಯಮಂಜರಿ’ಯು ವಿಸ್ತಾರವಾಗಿ ಎತ್ತಿ ಹೇಳುವುದು. ಆದರೆ ಅದಕ್ಕೆ ಕೆಲವು ಕಟ್ಟಳೆಗಳುಂಟು: ಆ ಆಗಮವು ಹೊಸದಾಗಿ ತಲೆಯೆತ್ತಿದಂತಿರಬಾರದು, ಅದನ್ನು ಅನುಸರಿಸುವವರ ಸಂಗಡ ಬೆರೆಯಲು ಶಿಷ್ಟರು ಹೇಸಬಾರದು, ಅದರಿಂದ ಜನರಿಗೆ ಉದ್ವೇಗವುಂಟಾಗಬಾರದು. ಈ ಅಳತೆಗೋಲನ್ನು ಕಲ್ಯಾಣಕ್ಕೆ ತಂದು ಹಿಡಿದರೆ ಏನಾಗುವುದು? ಹನ್ನೆರಡನೆಯ ಶತಮಾನದಲ್ಲಿ ಶರಣರ ನಡೆಯು ಹೊಸದು. ಮಾದಾರ ಚೆನ್ನಯ್ಯ ಡೋಹರ ಕಕ್ಕಯ್ಯರನ್ನು ತಮ್ಮವರೆಂದವರ ಸಂಗಡ ಬೆರೆಯಲು ಅಂದಿನ ಶಿಷ್ಟರು ಹೇಸಿದರು. ಹರಳಯ್ಯ ಮಧುವಯ್ಯರ ಮಕ್ಕಳ ಮದುವೆಯಿಂದ ಆದ ಉದ್ವೇಗವಂತೂ ಎಲ್ಲರೂ ಬಲ್ಲ ಕಥೆ. ಮೂರು ಕಟ್ಟಳೆಯಲ್ಲಿಯೂ ಶರಣರು ಸೋಲುವರು. ಹತ್ತು ಜನ ದೊಡ್ಡವರು ಒಪ್ಪಿದುದೇ ಸತ್ಯವೆಂಬ ಭಾವನೆಯು ನಿಶ್ಚಯಕ್ಕೆ ಬಹು ದೊಡ್ಡ ಆಧಾರ. ಆದರೆ ಅದು ಸತ್ಯಕ್ಕೆ ಆಧಾರವಲ್ಲವೆಂಬುದನ್ನು ಲಿಂಗವಂತರಿಗೆ ಬೇರೆ ಯಾರೂ ಹೇಳಿಕೊಡಬೇಕಾದುದಿಲ್ಲ. ಅಂದು ಒಪ್ಪದ ದೊಡ್ಡವರ ಸ್ಥಾನದಲ್ಲಿ ಇಂದು ತಾವೇ ಕುಳಿತಿರುವರೇ ಎಂಬುದು ಬೇರೆ ವಿಚಾರ.

ನೆರೆಹೊರೆಯ ಒಪ್ಪಿಗೆಯಲ್ಲದೆ ನಿಶ್ಚಯವನ್ನು ಬೆಳೆಸುವ ಇನ್ನೊಂದು ಕಾರಣವು ನೆನಪಿನ ಪಕ್ಷಪಾತ. ಮಕ್ಕಳಾಗಲೆಂದು ಹರಕೆ ಹೊತ್ತು, ಮಗುವಾದ ಮೇಲೆ ಕಟ್ಟಿದ ಮರದ ತೊಟ್ಟಿಲುಗಳು ಈ ನಾಡಿನ ಎಷ್ಟೋ ಗುಡಿಗಳಲ್ಲಿ ತೂಗಾಡುತ್ತಿರುವುವು. ನೋಡಿದವರು ದೇವರ ಮಹಿಮೆಗೆ ಬೆರಗಾಗುವರು. ಹರಕೆ ಹೊತ್ತೂ ಮಗುವಾಗದವಳ ತೊಟ್ಟಿಲು ಎಲ್ಲಿದೆ? ಅದನ್ನು ಯಾರೂ ಕಟ್ಟಲಿಲ್ಲ. ಆದುದರಿಂದ ಯಾರೂ ನೋಡಲಿಲ್ಲ. ಆಂಗ್ಲ ತತ್ತ್ವಜ್ಞನಾದ ಫ್ರಾನ್ಸಿಸ್ ಬೇಕನ್ನನು 1620ರಲ್ಲಿ ಇಂತಹದೇ ಒಂದು ಹಳೆಯ ಕಥೆಯನ್ನು ನೆನೆದಿರುವನು: ಹಡಗು ಒಡೆದಾಗ ಹರಕೆ ಹೊತ್ತು ಬದುಕಿದವರ ಚಿತ್ರಗಳನ್ನು ಗುಡಿಯಲ್ಲಿ ತೋರಿಸಿದಾಗ, ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ ಎಂದು ಒಬ್ಬನು ಕೇಳಿದನಂತೆ. ಇದರಿಂದ ದೇವರಿಲ್ಲವೆಂದು ಸಿದ್ಧವಾಗುವುದಿಲ್ಲ. ತೊಟ್ಟಿಲು ಸಾಕ್ಷಿಯಲ್ಲವೆಂದು ಮಾತ್ರ ಸಿದ್ಧವಾಗುವುದು.

ಬಾಧಕವು ಎದುರಿಗೇ ಬಂದು ನಿಂತರಾದರೂ ನಿಶ್ಚಯವು ಅಳಿಯುವುದೇ? ಇದಕ್ಕೆ ಅಮೆರಿಕದ ಚರಿತ್ರೆಯಲ್ಲಿ ತಾರೀಖಿನೊಡನೆ ಉತ್ತರವುಂಟು. ನ್ಯೂಯಾರ್ಕ್ ಸೀಮೆಯ ವಿಲಿಯಂ ಮಿಲ್ಲರನೆಂಬ ರೈತನು ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಬರುವ 2300 ದಿನಗಳೆಂಬ ಮಾತನ್ನು ವರುಷಗಳೆಂದು ತೆಗೆದುಕೊಂಡು, ಕ್ರಿಸ್ತಪೂರ್ವ 457ರಿಂದ ಎಣಿಸಿ, ಸುಮಾರು 1843ರಲ್ಲಿ ಯೇಸುವು ಮರಳಿ ಬರುವನೆಂದು ತೀರ್ಮಾನಿಸಿದನು. ಆತನು ದಡ್ಡನಲ್ಲ, ವಂಚಕನಂತೂ ಅಲ್ಲವೇ ಅಲ್ಲ. 1818ರಲ್ಲಿ ಲೆಕ್ಕವು ಮುಗಿದರೂ 1831ರವರೆಗೆ ಬಹಿರಂಗವಾಗಿ ಬೋಧಿಸದೆ ಅಳುಕಿದವನು. ಹತ್ತಾರು ಸಾವಿರ ಜನ ಆತನನ್ನು ನಂಬಿದರು. ಹೇಳಿದ ವರುಷವು ಕಳೆಯಿತು. ಲೆಕ್ಕವನ್ನು ತಿದ್ದಿ 1844ನೆಯ ಅಕ್ಟೋಬರ್ 22 ಎಂದು ಅನುಯಾಯಿಗಳು ನಿಶ್ಚಯಿಸಿದರು. ಕೆಲವರು ಬೆಳೆಯನ್ನು ಹೊಲದಲ್ಲಿಯೇ ಬಿಟ್ಟರು. ಲೋಕವೇ ಮುಗಿಯುವಾಗ ಆಲೂಗಡ್ಡೆಯನ್ನು ಅಗೆದು ಏನು ಮಾಡುವುದು? ಆ ದಿನವು ಬಂದಿತು, ರಾತ್ರಿಯಾಯಿತು, ಮರುದಿನ ಬೆಳಗಾಯಿತು. ಜನರು ಅತ್ತರು. ಚರಿತ್ರೆಯಲ್ಲಿ ಅದಕ್ಕೆ ಮಹಾನಿರಾಶೆಯೆಂದು ಹೆಸರು.

ನೈಯಾಯಿಕನಿಗೆ ಇದಕ್ಕಿಂತ ಸ್ಪಷ್ಟವಾದ ಬಾಧಕವು ಬೇಕೇ? ಆದರೆ ಮನುಷ್ಯರು ಬಗೆಬಗೆಯಾಗಿ ನಡೆದುಕೊಂಡರು. ಬಹಳ ಮಂದಿ ಬಿಟ್ಟುಹೋದರು. ಮಿಲ್ಲರನು 1845ರಲ್ಲಿ ಬರೆದು ಪ್ರಕಟಿಸಿ, ಕಾಲದ ಲೆಕ್ಕದಲ್ಲಿ ತಾನು ತಪ್ಪಿದೆನೆಂದು ಒಪ್ಪಿಕೊಂಡನು. ಯೇಸುವು ಬೇಗನೆ ಬರುವನೆಂಬ ಆಸೆಯನ್ನು ಮಾತ್ರ 1849ರಲ್ಲಿ ಸಾಯುವವರೆಗೆ ಬಿಡಲಿಲ್ಲ. ಹೈರಂ ಎಡ್ಸನ್ ಎಂಬ ಅನುಯಾಯಿಗೆ ಮರುದಿನ ಬೆಳಿಗ್ಗೆ ಜೋಳದ ಹೊಲವನ್ನು ದಾಟುವಾಗ ಮತ್ತೊಂದು ಅರ್ಥವು ಹೊಳೆಯಿತು: ತಾರೀಖು ಸರಿಯೇ, ಘಟನೆಯು ನಡೆದುದು ಭೂಮಿಯ ಮೇಲಲ್ಲ, ಸ್ವರ್ಗದಲ್ಲಿರುವ ಗರ್ಭಗುಡಿಯಲ್ಲಿ! ಈ ಮಾತಿಗೆ ಬಾಧಕವನ್ನು ತರುವವರು ಯಾರು? ಇದೇ ಬಳಗದಿಂದ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯು ರೂಪುಗೊಂಡಿತು. ಇಂದು ಲೋಕದಲ್ಲಿ ಅದಕ್ಕೆ ಎರಡು ಕೋಟಿಗೂ ಮೀರಿದ ಸದಸ್ಯರಿರುವರು. ಬೆಂಗಳೂರಿನಲ್ಲಿಯೂ ಅವರ ವಿದ್ಯಾಸಂಸ್ಥೆಯುಂಟು. ಅವರ ಆಸ್ಪತ್ರೆಗಳಲ್ಲಿ ಗುಣ ಹೊಂದಿದವರು ಅನೇಕರು. ಅವರನ್ನು ನೋಡಿ ನಗುವುದು ಸುಲಭ. ಆದರೆ ನಗುವವನು ಮೊದಲು ತನ್ನ ಮನೆಯ ಪುರಾಣದಲ್ಲಿ ನಡೆಯದೆ ಹೋದ ಭವಿಷ್ಯವಾಣಿಗೆ ತನ್ನ ಹಿರಿಯರು ಯಾವ ಅರ್ಥವನ್ನು ಹೇಳಿದರೆಂದು ನೆನೆಯುವುದು ಒಳ್ಳೆಯದು.

ಮಿಲ್ಲರನಿಗೂ ಎಡ್ಸನ್ನನಿಗೂ ಇದ್ದ ಭೇದವು ಸಣ್ಣದಲ್ಲ. ಒಬ್ಬನು ತನ್ನ ಮಾತು ತಪ್ಪಾಗುವುದಕ್ಕೆ ಎಡೆಗೊಟ್ಟನು. ಇನ್ನೊಬ್ಬನು ಇನ್ನೆಂದಿಗೂ ತಪ್ಪಾಗದಂತಹ ಸ್ಥಳಕ್ಕೆ ಆ ಮಾತನ್ನು ಸಾಗಿಸಿದನು. ನಿಶ್ಚಯದ ಬಲವು ಎರಡನೆಯ ದಾರಿಯಲ್ಲಿ ಹೆಚ್ಚುವುದು. ಹೊಲವನ್ನು ಬಿಟ್ಟವನು, ನೆಂಟರ ನಗೆಯನ್ನು ಸಹಿಸಿದವನು, ತಾನು ಕೊಟ್ಟ ಬೆಲೆಯು ವ್ಯರ್ಥವಾಯಿತೆಂದು ಹೇಗೆ ಒಪ್ಪಿಯಾನು? ಕೊಟ್ಟ ಬೆಲೆಯೇ ಮುಂದೆ ಪ್ರಮಾಣದ ವೇಷವನ್ನು ಧರಿಸಿ ಬರುವುದು.

ಈ ಬೆಲೆಯ ವಿಷಯವನ್ನು ಶೂನ್ಯಸಂಪಾದನೆಯಲ್ಲಿ ಬರುವ ಸೊನ್ನಲಿಗೆಯ ಪ್ರಸಂಗವು ಚೆನ್ನಾಗಿ ಬಲ್ಲುದು. ಸಿದ್ಧರಾಮನು ಕೆರೆಯನ್ನು ಕಟ್ಟಿಸುತ್ತಿದ್ದನು, ಗುಡಿಗಳನ್ನು ಎತ್ತಿಸುತ್ತಿದ್ದನು. ಅದೇ ಪರಮಧರ್ಮವೆಂಬುದರಲ್ಲಿ ಆತನಿಗಾಗಲಿ ಆತನ ಕೆಲಸದವರಿಗಾಗಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಅಲ್ಲಿಗೆ ಅಲ್ಲಮಪ್ರಭುವು ಬಂದು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದನು. ಕೆಲಸದವರು ಉತ್ತರವನ್ನು ಹುಡುಕಲಿಲ್ಲ, ಕಲ್ಲುಗಳನ್ನು ಹುಡುಕಿದರು. ಬೆವರು ಸುರಿಸಿ ಹೊತ್ತ ಕಲ್ಲುಗಳೇ ಅವರ ಕೈಗೆ ಸಿಕ್ಕಿದುವು. ಕೆರೆಯು ತಪ್ಪೆಂದು ಅಲ್ಲಮನು ಎಲ್ಲಿಯೂ ಹೇಳಿದಂತಿಲ್ಲ. ನೀರು ಕುಡಿಯುವ ದನಕರುಗಳಿಗೆ ಆತನು ಶತ್ರುವೇ? ಆತನು ಮುಟ್ಟಿದುದು ಕೆರೆಯನ್ನಲ್ಲ, ಕೆರೆಯ ಮೇಲೆ ಕುಳಿತಿದ್ದ ‘ನನ್ನದು’ ಎಂಬುದನ್ನು. ಪೆಟ್ಟು ತಗುಲಿದುದು ಅಲ್ಲಿಗೇ ಎಂಬುದಕ್ಕೆ ಕಲ್ಲುಗಳ ಗುಡ್ಡೆಯೇ ಸಾಕ್ಷಿಯಾಯಿತು. ಸಿದ್ಧರಾಮನೂ ಮೊದಲು ಕೋಪದಿಂದಲೇ ಬಂದನು. ಉರಿಗಣ್ಣನ್ನು ತೆರೆದನೆಂದು ಕಥೆ. ಆ ಉರಿಯು ಅಲ್ಲಮನನ್ನು ಸುಡಲಿಲ್ಲ. ಅನಂತರ ನಡೆದುದು ಯುದ್ಧವಲ್ಲ, ಮಾತು. ಒಂದೊಂದಾಗಿ ಪ್ರಶ್ನೆ, ಒಂದೊಂದಾಗಿ ಉತ್ತರ. ಆ ಮಾತಿನ ಕಡೆಯಲ್ಲಿ ಸಿದ್ಧರಾಮನು, ಊರಿನ ಕೆಲಸವನ್ನೂ ಕೆಲಸದವರ ಹೊಗಳಿಕೆಯನ್ನೂ ಹಿಂದಕ್ಕೆ ಬಿಟ್ಟು, ತನ್ನನ್ನು ಒಡ್ಡನೆಂದವನ ಸಂಗಡಲೇ ಕಲ್ಯಾಣಕ್ಕೆ ಹೊರಟನು.

ಕಲ್ಯಾಣದಲ್ಲಿ ನೆರೆದವರಲ್ಲಿ ಹೆಚ್ಚಿನವರು ಹೀಗೆಯೇ ಎಲ್ಲಿಂದಲೋ ಹೊರಟು ಬಂದವರು. ಸೌರಾಷ್ಟ್ರದಿಂದ ಆದಯ್ಯನೂ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನೂ ಬಂದರೆಂದು ಪರಂಪರೆಯು ಹೇಳುವುದು. ಬಸವಣ್ಣನವರು ಹುಟ್ಟಿದ ಮನೆಯ ಸಂಸ್ಕಾರವನ್ನು ಎಳೆಯ ವಯಸ್ಸಿನಲ್ಲಿಯೇ ಬಿಟ್ಟು ಹೊರಟವರು. ಅವರಲ್ಲಿ ಯಾರಿಗೂ ಶರಣಧರ್ಮವು ಹುಟ್ಟಿನಿಂದ ಬಂದುದಲ್ಲ. ಹುಟ್ಟಿನಿಂದ ಬಂದುದನ್ನು ಅವರು ತೊರೆದರು. ಅವರ ಮೊಮ್ಮಕ್ಕಳಿಗೆ ಅವರು ಕಂಡುಕೊಂಡುದೇ ಹುಟ್ಟಿನಿಂದ ಬಂದುದಾಯಿತು. ರಜೆಗೆ ಮನೆಗೆ ಬಂದ ಮಗನು ತಂದೆಯನ್ನು ಕೇಳಿದ ಪ್ರಶ್ನೆಯನ್ನು ಆ ಮೊದಲಿನವರ ಮುಂದೆ ಇಟ್ಟಿದ್ದರೆ, ಅವರಲ್ಲಿ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಅವರೇ ಅದನ್ನು ತಮ್ಮ ತಂದೆಯರ ಮುಂದೆ ಇಟ್ಟು ಬಂದಿದ್ದರು. ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಕೂಡ ಶೂನ್ಯಪೀಠದ ಅಲ್ಲಮನು ಹೊಗಳಿ ಒಳಗೆ ಕರೆಯಲಿಲ್ಲ. ಸಭೆಯ ನಡುವೆ ನಿಲ್ಲಿಸಿ, ನೋಯುವಂತೆ ಪ್ರಶ್ನೆ ಕೇಳಿದನು. ಆಕೆಯು ನೊಂದಳು, ಉತ್ತರ ಹೇಳಿದಳು, ಆಮೇಲೆ ಕುಳಿತಳು.

ಸೊಲ್ಲಾಪುರದಲ್ಲಿ ಸಿದ್ಧರಾಮನ ಹೆಸರಿನ ಗುಡಿಯ ಸುತ್ತಲೂ ಆ ಕೆರೆಯ ನೀರು ಇಂದಿಗೂ ಇದೆ. ಸಂಕ್ರಾಂತಿಯ ಜಾತ್ರೆಗೆ ಬಂದವರು ಅದರ ದಂಡೆಯ ಮೇಲೆ ನಡೆದು ಗುಡಿಯನ್ನು ಸೇರುವರು. ಅವರಲ್ಲಿ ಒಬ್ಬ ತಂದೆಯ ಸಂಗಡ ಒಬ್ಬ ಮಗನೂ ಇರಬಹುದು.